ನಮ್ಮೂರ ನಕ್ಷೆಗೆ ಯಾರ ಮನೆಯ ಕಿಟಕಿ?

ನಾನು ಕನ್ನಡ ಪಾಠ ಹೇಳುವವನು. ಕಂಪ್ಯೂಟರಿನ ಒಳಗುಟ್ಟಿನ ಬಗ್ಗೆ ಬರೆಯಲು ಹೊರಟರೆ ‘ನಿಮಗ್ಯಾಕೆ ಮೇಷ್ಟ್ರೇ ಈ ಉಸಾಬರಿ’ ಎನ್ನುವ ಗೆಳೆಯರಿದ್ದಾರೆ. ಆದ್ದರಿಂದ ಕಾರಣ ಹೇಳಿಯೇ ಶುರು ಮಾಡುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಸ್ಥಳನಾಮಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಳು. ಹಳ್ಳಿ, ಪುರ, ಕೆರೆ, ಘಟ್ಟ, ಸಂದ್ರ ಎಂದು ಕೊನೆಯಾಗುವ ಊರುಗಳು ಎಲ್ಲೆಲ್ಲಿವೆ, ಗುಂಪಾಗಿವೆಯೋ ಚೆದುರಿವೆಯೋ, ಕೆರೆ ಎಂಬ ಹೆಸರಿರುವ ಊರಲ್ಲಿ ಈಗ ಕೆರೆ ಉಂಟೋ ಇಲ್ಲವೋ ಎಂಬುದು ಅವಳ ಪ್ರಶ್ನೆ. ಶಂಬಾ ಜೋಶಿಯವರು ಊರ ಹೆಸರುಗಳ ಬೆನ್ನು ಹತ್ತಿ ಕನ್ನಡ ಎಲ್ಲಿಯವರೆಗೆ ಹಬ್ಬಿತ್ತು ಎಂದು ಹುಡುಕಿದ ನಾಡು ಇದು. ಆ ದಾರಿಯಲ್ಲಿ ಒಂದು ಹೆಜ್ಜೆ ಇಡಲು ಈಗಿನ ಹುಡುಗರಿಗೆ ಕಂಪ್ಯೂಟರಿನ ನಕ್ಷೆ ದೊಡ್ಡ ಆಸರೆ. ಇನ್ನೂರಕ್ಕೂ ಹೆಚ್ಚು ಊರುಗಳನ್ನು ಚುಕ್ಕೆಗಳಾಗಿ ಇಟ್ಟು, ಹೆಸರಿನ ಕೊನೆಯ ಪದಕ್ಕೆ ತಕ್ಕಂತೆ ಬಣ್ಣ ಹಚ್ಚಿದರೆ, ಪಟ್ಟಿಯಲ್ಲಿ ಕಾಣದ್ದು ಕಣ್ಣಿಗೆ ಕಾಣುತ್ತದೆ.

ಅದಕ್ಕೆಂದೇ ಅವಳು ಒಂದು ಸಂಸ್ಥೆಯಲ್ಲಿ ಜಿಐಎಸ್ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದಳು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕ ಕಂತಿನಲ್ಲಿ ಮ್ಯಾಕ್ ಲ್ಯಾಪ್‌ಟಾಪ್ ಕೊಡಿಸಿದ್ದಳು. ಮೊದಲ ದಿನವೇ ಮೇಲ್ವಿಚಾರಕರು ಅದನ್ನು ನೋಡಿ, ‘ಇದರಲ್ಲಿ ನಮ್ಮ ಸಾಫ್ಟ್‌ವೇರ್ ಓಡಲ್ಲ, ವಿಂಡೋಸ್ ಇರೋದು ತಗೊಂಡು ಬಾ’ ಎಂದರು. ಅಭ್ಯಾಸಕ್ಕೆ ಲ್ಯಾಬಿನ ಕಂಪ್ಯೂಟರ್ ಸಿಗುತ್ತದೆಯೇ ಎಂದರೆ, ತರಗತಿಯ ವೇಳೆ ಬಿಟ್ಟರೆ ಲ್ಯಾಬಿಗೆ ಬೀಗ. ಪಕ್ಕದ ಹುಡುಗ ಸಮಾಧಾನ ಹೇಳಿದ: ‘ವರ್ಚುಯಲ್ ಮಷೀನ್ ಹಾಕ್ಕೋ, ಎಲ್ಲಾ ಸರಿಹೋಗುತ್ತೆ.’

ಅವಳು ನನ್ನ ಹತ್ತಿರ ಬಂದಳು. ‘ಸರ್, ನಮ್ಮೂರಿನ ನಕ್ಷೆ ಬರೆಯೋಕೆ ಇನ್ನೊಂದು ಕಂಪ್ಯೂಟರ್ ಯಾಕೆ ಬೇಕು?’ ಎಂದಳು. ಪ್ರಶ್ನೆ ಸಣ್ಣದಾಗಿ ಕಂಡಿತು. ಉತ್ತರ ಹುಡುಕುತ್ತಾ ಹೋದಂತೆ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನದು.

ಮೊದಲು ವಿಷಯ ತಿಳಿಯೋಣ. ಕಂಪ್ಯೂಟರಿನ ಚಿಪ್‌ಗಳಿಗೂ ಭಾಷೆಗಳಿವೆ. ಇಂಟೆಲ್, ಎಎಂಡಿ ಚಿಪ್‌ಗಳದ್ದು ಎಕ್ಸ್86 ಎಂಬ ಮನೆತನದ ಭಾಷೆ. ನಮ್ಮ ಜೇಬಿನ ಫೋನ್‌ಗಳದ್ದು ಆರ್ಮ್ ಎಂಬ ಬೇರೆ ಮನೆತನ. ಮ್ಯಾಕ್ ಕಂಪ್ಯೂಟರುಗಳು 2006ರಿಂದ ಇಂಟೆಲ್ ಚಿಪ್ ಬಳಸುತ್ತಿದ್ದವು. ಆಗ ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ಅದೇ ಯಂತ್ರದಲ್ಲಿ ವಿಂಡೋಸ್ ಹಾಕಿಕೊಳ್ಳಬಹುದಿತ್ತು. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್‌ನ ಮ್ಯಾಕ್‌ಗಳನ್ನು ತಂದಿತು. ಅದು ಆರ್ಮ್ ಮನೆತನದ್ದು. ಬೂಟ್ ಕ್ಯಾಂಪ್ ಅಲ್ಲಿಗೆ ಮುಗಿಯಿತು.

ಇತ್ತ ನಕ್ಷೆ ಸಾಫ್ಟ್‌ವೇರ್‌ಗಳಲ್ಲಿ ಬಹಳ ಹೆಸರಾಂತದ್ದು ಆರ್ಕ್‌ಜಿಐಎಸ್ ಪ್ರೊ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಸ್ರಿ ಕಂಪನಿಯದು. ಸರ್ಕಾರಗಳು, ವಿಶ್ವವಿದ್ಯಾಲಯಗಳು ದಶಕಗಳಿಂದ ಈ ಕಂಪನಿಯ ಸಾಫ್ಟ್‌ವೇರ್ ನೆಚ್ಚಿಕೊಂಡಿವೆ. ಅದರ ಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ವಿಂಡೋಸಿಗೆಂದೇ ಕಟ್ಟಿದ ಪ್ರೋಗ್ರಾಂ. ಮ್ಯಾಕ್‌ಗೆ ಅದರ ಆವೃತ್ತಿ ಇಲ್ಲ.

ಹಾಗಾದರೆ ವರ್ಚುಯಲ್ ಮಷೀನ್ ಏನು ಮಾಡುತ್ತದೆ? ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುತ್ತದೆ. ಆದರೆ ಚಿಪ್‌ನ ಭಾಷೆಯನ್ನು ಅದು ಬದಲಿಸುವುದಿಲ್ಲ. ಹೊಸ ಮ್ಯಾಕ್‌ನೊಳಗೆ ಚುರುಕಾಗಿ ನಡೆಯಬೇಕಾದರೆ ಆರ್ಮ್‌ಗೆಂದೇ ಮಾಡಿದ ವಿಂಡೋಸ್ ಬೇಕು. ಪ್ಯಾರಲಲ್ಸ್ ಎಂಬ ಸಾಫ್ಟ್‌ವೇರಿನ ಮೂಲಕ ಆ ವಿಂಡೋಸನ್ನು ಎಂ1, ಎಂ2 ಮ್ಯಾಕ್‌ಗಳಲ್ಲಿ ನಡೆಸಲು ಮೈಕ್ರೋಸಾಫ್ಟ್ 2023ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಒಪ್ಪಿತು. ಅಲ್ಲಿಗೆ ವಿಂಡೋಸ್ ಒಳಗೆ ಬಂತು. ಎಕ್ಸ್86 ಭಾಷೆಯ ನಕ್ಷೆ ಪ್ರೋಗ್ರಾಂ ಇನ್ನೂ ಹೊರಗೇ ನಿಂತಿದೆ. ಅದಕ್ಕಾಗಿ ಆರ್ಮ್ ವಿಂಡೋಸ್‌ನೊಳಗೆ ಒಬ್ಬ ದುಭಾಷಿ ಕೂತಿದ್ದಾನೆ. ಎಮ್ಯುಲೇಶನ್ ಎನ್ನುವುದು ಇದನ್ನೇ. 64 ಬಿಟ್ ಪ್ರೋಗ್ರಾಂಗಳನ್ನು ಅನುವಾದಿಸುವ ಶಕ್ತಿ ಅವನಿಗೆ ಬಂದದ್ದು 2021ರಲ್ಲಿ, ವಿಂಡೋಸ್ 11ರ ಜೊತೆಗೆ. ಇದಲ್ಲದೆ, ಚಿತ್ರ ಬರೆಯಲು ವಿಂಡೋಸ್ ಪ್ರೋಗ್ರಾಂ ಕೊಡುವ ಅಪ್ಪಣೆಗಳನ್ನು ಮ್ಯಾಕ್‌ನ ಗ್ರಾಫಿಕ್ಸ್ ಭಾಷೆಗೆ ತಿರುಗಿಸುವ ಇನ್ನೊಬ್ಬ ದುಭಾಷಿಯೂ ಬೇಕು.

ನಮ್ಮಲ್ಲಿ ಬಹಳ ಮಂದಿ ರಷ್ಯನ್ ಕಾದಂಬರಿಗಳನ್ನು ಇಂಗ್ಲಿಷಿನ ಮೂಲಕ ಬಂದ ಕನ್ನಡದಲ್ಲೇ ಓದಿದವರು. ಅನುವಾದದ ಅನುವಾದವೂ ಎದೆಗೆ ತಟ್ಟುತ್ತದೆ ಎಂದು ನಮಗೆ ಗೊತ್ತು. ಆದ್ದರಿಂದ ದುಭಾಷಿಗಳನ್ನು ನಾನು ಹಂಗಿಸುವುದಿಲ್ಲ. ಈ ಏರ್ಪಾಟು ಕೆಲಸ ಮಾಡುತ್ತದೆ. ಎರಡು ಸಂಜೆ ಕೂತು ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ನಾನೇ ಇದನ್ನು ಹಾಕಿಕೊಟ್ಟೆ. ಚುಕ್ಕೆಗಳು ಬಂದವು, ಬಣ್ಣ ಬಂತು. ಅವಳ ಮುಖದಲ್ಲಿ ನಗುವೂ ಬಂತು.

ನನ್ನ ಜಗಳ ಶುರುವಾಗುವುದೇ ಇಲ್ಲಿಂದ. ‘ಕೆಲಸ ಮಾಡುತ್ತಲ್ಲ, ಮತ್ತೇನು?’ ಎಂಬ ಮಾತಿನಿಂದ.

ಲೆಕ್ಕ ಹಾಕಿ. ಅವಳ ಯಂತ್ರದಲ್ಲಿ 256 ಜಿಬಿ ಜಾಗ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಜಾಗ 64 ಜಿಬಿ. ಒಂದೇ ಒಂದು ಊರಿನ ಹೆಸರು ಬರೆಯುವ ಮೊದಲೇ ಕಾಲುಭಾಗ ಹೋಯಿತು. ಮೆಮೊರಿ 8 ಜಿಬಿ. ಅದನ್ನು ಮನೆಯವರೂ ಅತಿಥಿಯೂ ಹಂಚಿಕೊಳ್ಳಬೇಕು. ಈ ಮ್ಯಾಕ್‌ಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಕೊಳ್ಳುವಾಗ ಎಷ್ಟಿತ್ತೋ ಕೊನೆಯವರೆಗೆ ಅಷ್ಟೇ. ಇನ್ನು ಲೈಸೆನ್ಸು. ನಕ್ಷೆ ಸಾಫ್ಟ್‌ವೇರಿಗೆ ಒಂದು, ವಿಂಡೋಸಿಗೆ ಒಂದು, ವರ್ಚುಯಲ್ ಮಷೀನಿಗೆ ಇನ್ನೊಂದು. ಮೂರನೆಯದನ್ನು ಉಳಿಸಬಹುದು, ಯುಟಿಎಂ ಎಂಬ ಮುಕ್ತ ಸಾಫ್ಟ್‌ವೇರ್ ಇದೆ, 2024ರ ನವೆಂಬರಿನಿಂದ ವಿಎಂವೇರ್ ಫ್ಯೂಷನ್ ಕೂಡ ಪುಕ್ಕಟೆ. ಮೊದಲೆರಡರ ಹಂಗು ತಪ್ಪುವುದಿಲ್ಲ. ಬಾಡಿಗೆ ಮನೆಯೊಳಗೆ ಒಂದು ಕೋಣೆ ಬಾಡಿಗೆಗೆ ಹಿಡಿದು, ಆ ಕೋಣೆಯಲ್ಲಿ ಒಂದು ಮೇಜನ್ನು ಬಾಡಿಗೆಗೆ ತಂದಿಟ್ಟುಕೊಂಡು ನಮ್ಮೂರಿನ ನಕ್ಷೆ ಬರೆಯುವ ಸಂಭ್ರಮ ಇದು.

ಏನಾದರೂ ಕೆಟ್ಟರೆ ಯಾರನ್ನು ಕೇಳುವುದು? ಈ ಗೋಪುರದ ಪ್ರತಿ ಅಂತಸ್ತಿನ ಮಾಲೀಕ ಬೇರೆ ಬೇರೆ. ತೊಂದರೆ ನನ್ನ ಅಂತಸ್ತಿನದಲ್ಲ, ಕೆಳಗಿನವನದು ಎಂದು ಯಾರು ಬೇಕಾದರೂ ಹೇಳಬಹುದು, ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ದುಭಾಷಿಗೆ ಮಿತಿಗಳೂ ಇವೆ. ಸಾಮಾನ್ಯ ಪ್ರೋಗ್ರಾಂಗಳನ್ನು ಅವನು ಅನುವಾದಿಸಬಲ್ಲ. ಯಂತ್ರದ ಒಳಭಾಗದೊಡನೆ ನೇರ ಮಾತಾಡುವ ಡ್ರೈವರ್‌ಗಳನ್ನು ಅಲ್ಲ. ಅವು ಆರ್ಮ್‌ಗೆಂದೇ ಬರೆದಿರಬೇಕು. ಲೈಸೆನ್ಸಿಗೆ ಯುಎಸ್‌ಬಿ ಕೀಲಿ ಚುಚ್ಚಬೇಕಾದ ಹಳೆಯ ಸಾಫ್ಟ್‌ವೇರ್ ಇದ್ದು, ಅದರ ಡ್ರೈವರಿಗೆ ಆರ್ಮ್ ಆವೃತ್ತಿ ಇಲ್ಲದಿದ್ದರೆ, ಕತೆ ಅಲ್ಲಿಗೇ ಮುಗಿಯಿತು.

‘ಮ್ಯಾಕ್ ಕೊಂಡ ಶ್ರೀಮಂತರ ಗೋಳು ಇದು’ ಎಂದು ಕೆಲವರು ನಗಬಹುದು. ಅವರಿಗೊಂದು ಮಾತು. 2024ರ ಜೂನಿನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಅಂಗಡಿಗೆ ಬಂದಿವೆ. ಅವೂ ಆರ್ಮ್ ಮನೆತನದವೇ. ಅಂಗಡಿಯಲ್ಲಿ ‘ವಿಂಡೋಸ್ ಇದೆಯಾ’ ಎಂದು ಕೇಳಿ, ‘ಇದೆ’ ಎಂಬ ಉತ್ತರ ಪಡೆದು ಮನೆಗೆ ತಂದವನಿಗೂ ಎಕ್ಸ್86 ಪ್ರೋಗ್ರಾಂ ಓಡಿಸಲು ಅದೇ ದುಭಾಷಿ ಬೇಕು. ಯಂತ್ರಗಳು ಬದಲಾಗುತ್ತಿವೆ. ಬದಲಾಗದೆ ಕೂತಿರುವುದು ನಮ್ಮ ಪಠ್ಯಕ್ರಮ.

ನನ್ನ ಮುಖ್ಯ ಆಕ್ಷೇಪಣೆ ಯಾವ ಕಂಪನಿಯ ಮೇಲೂ ಅಲ್ಲ. ಕಂಪನಿ ತನ್ನ ಸರಕನ್ನು ಯಾವ ಯಂತ್ರಕ್ಕೆ ಮಾಡಬೇಕೆಂಬುದು ಅದರ ವ್ಯಾಪಾರ. ಆಕ್ಷೇಪಣೆ ನಮ್ಮ ಮೇಲೆ, ಪಾಠ ಹೇಳುವವರ ಮೇಲೆ. ಪಠ್ಯಕ್ರಮದಲ್ಲಿ ವಿದ್ಯೆಯ ಹೆಸರಿರಬೇಕಾದ ಕಡೆ ನಾವು ಅಂಗಡಿಯ ಹೆಸರು ಬರೆದಿದ್ದೇವೆ. ಮುದ್ದೆ ತೊಳಸುವುದನ್ನು ಕಲಿಸುವವರು ಇಂಥದೇ ಕಂಪನಿಯ ಪಾತ್ರೆ ತಂದರೆ ಮಾತ್ರ ಒಲೆ ಹಚ್ಚುತ್ತೇನೆ ಎಂದರೆ ಹೇಗೆ? ಹಿಟ್ಟು, ನೀರು, ಬೆಂಕಿ, ತೋಳಿನ ಬಲ, ಇವು ಮುದ್ದೆಯ ವಿದ್ಯೆ. ಗುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನು ಹಿಗ್ಗುತ್ತದೆ ಏನು ಕುಗ್ಗುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಯಾವ ಆಧಾರದಿಂದ ಅಳೆದಿದ್ದಾರೆ. ಹೆಸರಿನ ಪಟ್ಟಿಯನ್ನು ಗಡಿಯ ನಕ್ಷೆಗೆ ಹೇಗೆ ಜೋಡಿಸಬೇಕು. ಕೆರೆಯಿಂದ ಒಂದು ಕಿಲೋಮೀಟರಿನೊಳಗೆ ಬರುವ ಊರು ಯಾವುವು ಎಂದು ಹೇಗೆ ಕೇಳಬೇಕು. ಇವು ನಕ್ಷೆಯ ವಿದ್ಯೆ. ಯಾವ ಮೆನುವಿನ ಕೆಳಗೆ ಯಾವ ಗುಂಡಿ ಇದೆ ಎಂಬುದು ವಿದ್ಯೆಯಲ್ಲ, ರೂಢಿ.

ರೂಢಿಗೆ ಆಯಸ್ಸು ಕಡಿಮೆ. ಇದೇ ಎಸ್ರಿಯ ಆರ್ಕ್‌ಮ್ಯಾಪ್ ಎಂಬ ಹಿಂದಿನ ಪ್ರೋಗ್ರಾಂ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಜಿಐಎಸ್ ಎಂಬ ಪದದ ಇನ್ನೊಂದು ಹೆಸರೇ ಆಗಿತ್ತು. ಅದಕ್ಕೆ 2026ರ ಮಾರ್ಚ್ 1 ಕೊನೆಯ ದಿನವೆಂದು ಕಂಪನಿ ವರ್ಷಗಳ ಮೊದಲೇ ಹೇಳಿತು. ಗುಂಡಿಗಳನ್ನು ಬಾಯಿಪಾಠ ಮಾಡಿದವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ವಿದ್ಯೆ ಕಲಿತವರಿಗೆ ಒಂದು ವಾರದ ತೊಡಕು, ಅಷ್ಟೆ. ದುಭಾಷಿಗಳಿಗೂ ಹೀಗೇ ನೋಟಿಸು ಬರುತ್ತದೆ. ಇಂಟೆಲ್ ಕಾಲದ ಮ್ಯಾಕ್ ಪ್ರೋಗ್ರಾಂಗಳನ್ನು ಹೊಸ ಚಿಪ್‌ಗೆ ಅನುವಾದಿಸುವ ರೊಸೆಟ್ಟಾ 2 ಎಂಬ ಸೌಲಭ್ಯವನ್ನು ಮ್ಯಾಕ್ಓಎಸ್ 27ರ ನಂತರ ಬಹುಮಟ್ಟಿಗೆ ನಿಲ್ಲಿಸುವುದಾಗಿ ಆಪಲ್ 2025ರಲ್ಲಿ ಹೇಳಿದೆ. ಆಪಲ್‌ನ ಮನೆಯೂ ಬಾಡಿಗೆ ಮನೆಯೇ ಎಂಬುದನ್ನು ಮ್ಯಾಕ್ ಪ್ರೇಮಿಗಳು ಮರೆಯಬಾರದು.

ಬೇರೆ ದಾರಿ ಇದೆಯೇ? ಇದೆ, ಹೊಸದೂ ಅಲ್ಲ. 2002ರಲ್ಲಿ ಗ್ಯಾರಿ ಶೆರ್ಮನ್ ಎಂಬುವರು ಶುರು ಮಾಡಿದ ಕ್ಯೂಜಿಐಎಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಣ ಕೊಡಬೇಕಿಲ್ಲ, ಅದರ ಮೂಲಸಂಕೇತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಅದರ ಬೆನ್ನಿಗಿರುವ ಜಿಡಿಎಎಲ್ ಎಂಬ ಸಲಕರಣೆ 1998ರಿಂದ ಬೆಳೆದದ್ದು. ಬಗೆಬಗೆಯ ನಕ್ಷೆ ಕಡತಗಳನ್ನು ಓದುತ್ತದೆ. ಎಸ್ರಿಯ ಫೈಲ್ ಜಿಯೋಡೇಟಾಬೇಸನ್ನು ಈಗ ಓದಲೂ ಬಲ್ಲದು, ಬರೆಯಲೂ ಬಲ್ಲದು. ನನ್ನ ವಿದ್ಯಾರ್ಥಿನಿಗೆ ಬೇಕಿದ್ದ ಅಷ್ಟೂ ಕೆಲಸ ಇದರಲ್ಲಿ ಆಗುತ್ತದೆ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಕ್ಯೂಜಿಐಎಸ್ ಕೂಡ ಹೊಸ ಚಿಪ್‌ಗೆ ಒಂದೇ ದಿನದಲ್ಲಿ ಒಗ್ಗಿಕೊಂಡಿಲ್ಲ. ಅದರ ಅಧಿಕೃತ ಮ್ಯಾಕ್ ಪ್ಯಾಕೇಜು ಬಹುಕಾಲ ಇಂಟೆಲ್ ಭಾಷೆಯದ್ದೇ ಆಗಿದ್ದು, ರೊಸೆಟ್ಟಾದ ಅನುವಾದದಲ್ಲಿ ಓಡುತ್ತಿತ್ತು. ಆದರೆ ವ್ಯತ್ಯಾಸ ಗಮನಿಸಿ. ಮೂಲಸಂಕೇತ ತೆರೆದಿತ್ತಾದ್ದರಿಂದ ಮ್ಯಾಕ್‌ಪೋರ್ಟ್ಸ್‌ನಂಥ ಕಡೆಗಳಲ್ಲಿ ಬೇರೆಯವರು ಅದನ್ನು ಆರ್ಮ್‌ಗೆ ನೇರವಾಗಿ ಕಟ್ಟಿಕೊಂಡರು. ಯಾರ ಅನುಮತಿಗೂ ಕಾಯಬೇಕಾಗಲಿಲ್ಲ. ಮುಚ್ಚಿದ ಸಾಫ್ಟ್‌ವೇರಿನಲ್ಲಿ ಎಷ್ಟೇ ಜಾಣರಿದ್ದರೂ ಹೊರಗಿನವರು ಮಾಡಬಲ್ಲದ್ದು ಒಂದೇ: ಅದರ ಸುತ್ತ ಇನ್ನೊಂದು ಗೋಡೆ ಕಟ್ಟುವುದು. ವರ್ಚುಯಲ್ ಮಷೀನ್ ಅಂಥ ಗೋಡೆ.

ಇನ್ನು ಕನ್ನಡದ ವಿಷಯ. ನಕ್ಷೆ ಲೋಕದಲ್ಲಿ ಇವತ್ತಿಗೂ ಎಲ್ಲರೂ ಹಂಚಿಕೊಳ್ಳುವ ಕಡತದ ಬಗೆ ಶೇಪ್‌ಫೈಲ್. 1990ರ ದಶಕದ್ದು. ಅದರ ವಿವರಣೆಯನ್ನು ಎಸ್ರಿ 1998ರಲ್ಲಿ ಪ್ರಕಟಿಸಿತು. ಹಾಗೆ ತೆರೆದಿಟ್ಟಿದ್ದರಿಂದಲೇ ಅದು ಎಲ್ಲ ಸಾಫ್ಟ್‌ವೇರುಗಳಿಗೂ ಹಬ್ಬಿ ಇಷ್ಟು ದಿನ ಬದುಕಿದೆ. ತೆರೆದದ್ದು ಬಾಳುತ್ತದೆ ಎಂಬ ನನ್ನ ವಾದಕ್ಕೆ ಎಸ್ರಿಯೇ ಸಾಕ್ಷಿ. ಆದರೆ ಹಳೆಯ ಡಿಬೇಸ್ ಪಟ್ಟಿಯ ಮೇಲೆ ನಿಂತ ಈ ಕಡತದಲ್ಲಿ ಕಾಲಂ ಹೆಸರಿಗೆ ಇರುವುದು ಹತ್ತೇ ಬೈಟು. ಇಂಗ್ಲಿಷಿಗೆ ಹತ್ತು ಅಕ್ಷರ. ಯುನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಕೊಂಬು, ಎತ್ವಗಳಿಗೂ ಮೂರು ಮೂರು. ‘ಊರು’ ಎಂದು ಬರೆದರೆ ಒಂಬತ್ತು ಬೈಟು, ಹಿಡಿಸುತ್ತದೆ. ‘ಹೆಸರು’ ಎಂದರೆ ಹದಿನೈದು, ಹಿಡಿಸುವುದಿಲ್ಲ. ಊರಿಗೆ ಜಾಗವಿದೆ, ಹೆಸರಿಗಿಲ್ಲ! ಸ್ಥಳನಾಮದ ವಿದ್ಯಾರ್ಥಿನಿಗೆ ಇದಕ್ಕಿಂತ ಹೆಚ್ಚಿನ ಅಣಕ ಬೇಕೆ? 2014ರಲ್ಲಿ ಮಾನದಂಡವಾಗಿ ಬಂದ ಜಿಯೋಪ್ಯಾಕೇಜ್ ಎಂಬ ಮುಕ್ತ ಕಡತದಲ್ಲಿ ಈ ಇಕ್ಕಟ್ಟಿಲ್ಲ. ಹಾಗಿದ್ದರೂ ಅವಳ ಕೋರ್ಸಿನಲ್ಲಿ ಅದರ ಹೆಸರನ್ನೇ ಯಾರೂ ಎತ್ತಲಿಲ್ಲ. ಏಕೆಂದರೆ ಅಲ್ಲಿ ಕಲಿಸುತ್ತಿದ್ದುದು ಗುಂಡಿಗಳನ್ನು.

ಚರಿತ್ರೆಯನ್ನೂ ಸ್ವಲ್ಪ ನೆನೆಯೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಆಳುವವನಿಗೆ ಮೊದಲು ಬೇಕಾದದ್ದು ನಕ್ಷೆ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ನೆಲದ ವಿವರವಾದ ನಕ್ಷೆ ಮಾಡಲು, ಹಂಚಲು ಅನುಮತಿಗಳ ಸರಮಾಲೆಯೇ ಇತ್ತು. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ಮಾರ್ಗಸೂಚಿ ತಂದು, ಭಾರತೀಯರು ನಕ್ಷೆ ಮಾಡಲು ಮುಂಚಿತ ಅನುಮತಿ ಬೇಕಿಲ್ಲ ಎಂದಿತು. ನಮ್ಮ ರಾಜ್ಯದಲ್ಲಿ ರೈತ ಹೊಲದಲ್ಲಿ ನಿಂತು ಫೋನಿನ ದಿಶಾಂಕ್ ಆ್ಯಪಿನಲ್ಲಿ ತಾನು ನಿಂತ ನೆಲದ ಸರ್ವೆ ನಂಬರ್ ನೋಡಬಹುದು. ಸರ್ಕಾರದ ಬೀಗ ಇಷ್ಟು ಸಡಿಲಾಗಿರುವ ಹೊತ್ತಿನಲ್ಲಿ ಒಬ್ಬ ಅಧ್ಯಾಪಕ ತರಗತಿಯ ಬಾಗಿಲಲ್ಲಿ ನಿಂತು ‘ಈ ಲ್ಯಾಪ್‌ಟಾಪಿಗೆ ಪ್ರವೇಶವಿಲ್ಲ’ ಎನ್ನುತ್ತಾನೆ. ಇದನ್ನು ಏನೆನ್ನಬೇಕು?

‘ಕೆಲಸ ಸಿಗಬೇಕಲ್ಲ ಮೇಷ್ಟ್ರೇ, ಕಂಪನಿಗಳು ಕೇಳೋದು ಅದನ್ನೇ’ ಎಂಬ ಮಾತು ಬರುತ್ತದೆ. ಇದು ಗಟ್ಟಿಯಾದ ಮಾತು, ತಳ್ಳಿಹಾಕುವುದಿಲ್ಲ. ಕೆಲಸಕ್ಕೆ ಆ ಸಾಫ್ಟ್‌ವೇರ್ ಬೇಕಿದ್ದರೆ ಖಂಡಿತ ಕಲಿಸಿ. ಆದರೆ ಕಡ್ಡಾಯ ಮಾಡಿದವರೇ ಸಲಕರಣೆಯನ್ನೂ ಕೊಡಬೇಕು. ಲ್ಯಾಬಿನ ಬೀಗ ತೆಗೆಯಿರಿ, ಸಂಜೆ ಎಂಟರವರೆಗೆ ಕೂರಲು ಬಿಡಿ. ಅಥವಾ ಲ್ಯಾಬಿನ ಕಂಪ್ಯೂಟರನ್ನು ಮನೆಯಿಂದಲೇ ಬಳಸುವ ರಿಮೋಟ್ ವ್ಯವಸ್ಥೆ ಮಾಡಿ. ಶುಲ್ಕ ನಿಮಗೆ, ಸಲಕರಣೆಯ ಭಾರ ಹುಡುಗಿಯ ಅಕ್ಕನ ಕಂತಿಗೆ ಎಂಬ ನ್ಯಾಯ ಬೇಡ.

ದೊಡ್ಡ ಇಲಾಖೆಯ ಹಳೆಯ ದತ್ತಾಂಶ, ಆ ಸಾಫ್ಟ್‌ವೇರಿನಲ್ಲೇ ಇರುವ ವಿಶೇಷ ಸಲಕರಣೆ, ಇವನ್ನು ನಂಬಿ ಕೆಲಸ ಮಾಡುವವರಿಗೆ ವರ್ಚುಯಲ್ ಮಷೀನ್ ನಿಜವಾದ ಉಪಕಾರ. ಕಾಲು ಮುರಿದವನಿಗೆ ಊರುಗೋಲು ಬೇಕೇ ಬೇಕು. ನಾನು ಕೇಳುವುದು ಇಷ್ಟೆ: ಗಟ್ಟಿಮುಟ್ಟಾದ ಕಾಲಿನ ಹುಡುಗಿಯ ಕೈಗೆ ಊರುಗೋಲು ಕೊಟ್ಟು, ಅದರಲ್ಲಿ ನಡೆಯುವುದೇ ನಡಿಗೆ ಎಂದು ಯಾಕೆ ಕಲಿಸುತ್ತೀರಿ?

ಕತೆಯ ಉಳಿದ ಭಾಗ ಹೇಳಿಬಿಡುತ್ತೇನೆ. ವಿಂಡೋಸ್ ಕೋಣೆಯಲ್ಲಿ ನಕ್ಷೆ ತೆವಳಿಕೊಂಡು ಬರುತ್ತಿತ್ತು. 8 ಜಿಬಿಯಲ್ಲಿ ಇಬ್ಬರ ಸಂಸಾರ, ಇನ್ನೇನಾದೀತು? ಅವಳು ಅದೇ ನಕ್ಷೆಯನ್ನು ಕ್ಯೂಜಿಐಎಸ್‌ನಲ್ಲಿ ಮಾಡಿ ಕೋರ್ಸಿಗೆ ಒಪ್ಪಿಸಿದಳು. ‘ನಮ್ಮ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಇಲ್ಲ’ ಎಂದು ಹಿಂದಕ್ಕೆ ಬಂತು. ನಕ್ಷೆ ಸರಿಯಿದೆಯೇ ಎಂದು ಯಾರೂ ನೋಡಲಿಲ್ಲ. ಮತ್ತೆ ರಾತ್ರಿಯಿಡೀ ಕೂತು ಅದೇ ಕೆಲಸವನ್ನು ಬಾಡಿಗೆ ಕೋಣೆಯಲ್ಲಿ ಮಾಡಿ ಕೊಟ್ಟಳು. ಸರ್ಟಿಫಿಕೇಟ್ ಬಂತು. ಲೈಸೆನ್ಸಿನ ಅವಧಿಯೂ ಮುಗಿಯಿತು. ಈಗ ಆ ಪ್ರಾಜೆಕ್ಟ್ ಫೈಲನ್ನು ತೆರೆಯಲು ಅವಳಿಗೇ ಆಗುತ್ತಿಲ್ಲ.

ಕಿರುಪ್ರಬಂಧಕ್ಕೆ ಬಳಸಿದ್ದು ಮೊದಲು ಮಾಡಿದ ನಕ್ಷೆಯನ್ನು. ಅದು ಜಿಯೋಪ್ಯಾಕೇಜ್ ಕಡತದಲ್ಲಿದೆ, ಕಾಲಂಗೆ ‘ಹೆಸರು’ ಎಂದೇ ಹೆಸರು. ಕೆರೆ ಎಂದು ಕೊನೆಯಾಗುವ ಊರುಗಳಿಗೆ ನೀಲಿ ಬಣ್ಣ. ಅವುಗಳಲ್ಲಿ ಏಳು ಊರಿನ ಪಕ್ಕ ಈಗ ಕೆರೆಯಿಲ್ಲ. ಒಂದರಲ್ಲಿ ಬಸ್ ನಿಲ್ದಾಣ ಬಂದಿದೆ ಎಂದು ಅವಳೇ ಹೋಗಿ ನೋಡಿ ಬಂದು ಹೇಳಿದಳು. ಕೋರ್ಸಿನವರು ಅವಳನ್ನು ಕೇಳಬೇಕಿದ್ದ ಪ್ರಶ್ನೆ ಇದರ ಬಗ್ಗೆ ಇರಬೇಕಿತ್ತು.

ಮುಂದಿನ ವರ್ಷದ ಪಠ್ಯಕ್ರಮ ಬರೆಯುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಸಾಫ್ಟ್‌ವೇರಿನ ಹೆಸರಿರುವ ಕಡೆ ವಿದ್ಯೆಯ ಹೆಸರು ಬರೆಯಿರಿ. ವಿದ್ಯಾರ್ಥಿ ಒಪ್ಪಿಸುವ ಕೆಲಸವನ್ನು ಮುಕ್ತ ಕಡತದಲ್ಲಿ ತೆಗೆದುಕೊಳ್ಳಿ. ನೀವು ಕಡ್ಡಾಯ ಮಾಡಿದ ಸಲಕರಣೆಯನ್ನು ನೀವೇ ಒದಗಿಸಿ. ವಿದ್ಯಾರ್ಥಿಗಳಲ್ಲಿ ಒಂದು ಮಾತು: ನೀವು ಯಾವ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡಿ, ನಿಮ್ಮ ಊರುಗಳ ಪಟ್ಟಿಯ ಒಂದು ಪ್ರತಿಯನ್ನು ಯಾರ ಕಿಟಕಿಯೂ ಬೇಕಿಲ್ಲದ ಸಾದಾ ಕಡತದಲ್ಲಿ ಇಟ್ಟುಕೊಳ್ಳಿ. ಲೈಸೆನ್ಸ್ ಮುಗಿದ ಮರುದಿನ ಅದರ ಬೆಲೆ ಗೊತ್ತಾಗುತ್ತದೆ.